ಊರಿಗಿಂತ ಮೊದಲು ವಾರ ನೋಡಿ

ಮಾರ್ಚ್ ತಿಂಗಳು ಬಂತೆಂದರೆ ನೆಂಟರಿಷ್ಟರ ಮನೆಗಳಿಂದ ನನಗೆ ಒಂದೇ ಬಗೆಯ ಫೋನ್ ಬರುತ್ತದೆ. ‘ದೊಡ್ಡಮ್ಮ, ಟೈಮ್‌ಶೇರ್ ತಗೊಳ್ಳೋಣ ಅಂತಿದ್ದೀವಿ. ಕೂರ್ಗ್ ತಗೊಳ್ಳೋದಾ, ಗೋವಾ ತಗೊಳ್ಳೋದಾ? ಎಕ್ಸ್‌ಚೇಂಜ್‌ಗೆ ಯಾವುದು ಒಳ್ಳೇದು?’ ಕೇಳುವವರು ಊರಿನ ಹೆಸರು ಎರಡು ಮೂರು ಹೇಳುತ್ತಾರೆ. ಯಾವ ವಾರ ಎಂದು ಯಾರೂ ಹೇಳುವುದಿಲ್ಲ. ನನ್ನ ಉತ್ತರ ಮಾತ್ರ ವರ್ಷಗಳಿಂದ ಬದಲಾಗಿಲ್ಲ: ಊರು ಆಮೇಲೆ, ಮೊದಲು ನಿನ್ನ ಕೈಗೆ ಬರುವ ವಾರ ಯಾವುದು ಅಂತ ಕೇಳಿಕೋ.

ಈ ವ್ಯವಹಾರದ ಪರಿಚಯ ಇಲ್ಲದವರಿಗೆ ಎರಡು ಮಾತು. ರೆಸಾರ್ಟಿನ ಒಂದು ಕೊಠಡಿಯನ್ನೋ ಅಡುಗೆಮನೆ ಇರುವ ಪುಟ್ಟ ಮನೆಯನ್ನೋ ವರ್ಷಕ್ಕೆ ಒಂದೊಂದು ವಾರದಂತೆ ಹಲವರಿಗೆ ಹಂಚಿ ಮಾರುವುದೇ ಟೈಮ್‌ಶೇರ್. 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾದ ಏರ್ಪಾಡು ಇದು. ವರ್ಷ ವರ್ಷ ಅದೇ ಊರಿಗೆ ಹೋಗಿ ಬೇಸರ ಬಂದವರಿಗಾಗಿ 1974ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಆರ್‌ಸಿಐ, 1976ರಲ್ಲಿ ಮಯಾಮಿಯಲ್ಲಿ ಇಂಟರ್‌ವಲ್ ಇಂಟರ್‌ನ್ಯಾಷನಲ್ ಎಂಬ ವಿನಿಮಯ ಕಂಪನಿಗಳು ಹುಟ್ಟಿದವು. ನಿಮ್ಮ ವಾರವನ್ನು ಅವರಲ್ಲಿ ಠೇವಣಿ ಇಟ್ಟರೆ ಇನ್ನೊಬ್ಬ ಸದಸ್ಯ ಇಟ್ಟಿರುವ ವಾರವನ್ನು ಬೇರೊಂದು ಊರಿನಲ್ಲಿ ಪಡೆಯಬಹುದು. ನಮ್ಮಲ್ಲಿ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಮಹೀಂದ್ರ ಹಾಲಿಡೇಸ್ ಬಂದ ಮೇಲೆ ಮಧ್ಯಮ ವರ್ಗದ ಮನೆಗಳಲ್ಲಿ ಈ ಮಾತು ಓಡಾಡತೊಡಗಿತು.

ನಾವು ಮೈಸೂರಿನಲ್ಲಿದ್ದಾಗ, ತೊಂಬತ್ತರ ದಶಕದ ಮಧ್ಯದಲ್ಲಿ, ಊಟಿಯಲ್ಲಿ ಒಂದು ವಾರ ತೆಗೆದುಕೊಂಡೆವು. ಮೇ ತಿಂಗಳ ಮೂರನೇ ವಾರ, ಅಡುಗೆಮನೆ ಇರುವ ಒಂದು ಬೆಡ್‌ರೂಮಿನ ಮನೆ, ವಾರ ಯಾವುದೆಂದು ಪತ್ರದಲ್ಲೇ ನಮೂದು. ಆ ವಾರವನ್ನೇ ಆರಿಸಿಕೊಳ್ಳಲು ಕಾರಣವಾದದ್ದು ನಮ್ಮ ಬ್ಯಾಂಕ್ ಶಾಖೆಯ ರಜೆ ರಿಜಿಸ್ಟರ್. ಅದನ್ನು ನಾನೇ ಬರೆಯುತ್ತಿದ್ದೆ. ಜುಲೈ, ಆಗಸ್ಟ್ ಹಾಳೆಗಳಲ್ಲಿ ಜ್ವರ, ಮನೆಯಲ್ಲಿ ಪೂಜೆ ಎಂದು ಒಂದೊಂದು ದಿನದ ರಜೆ ಚದುರಿಕೊಂಡಿರುತ್ತಿತ್ತು. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗಿನ ಹಾಳೆ ತೆಗೆದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಎಲ್‌ಎಫ್‌ಸಿ ಎಂಬ ಪ್ರಯಾಣ ರಿಯಾಯಿತಿಯ ರಜೆ ಹಾಕಿಕೊಂಡು ಹೊರಟವರೆಲ್ಲ ಅದೇ ಐದಾರು ವಾರದಲ್ಲಿ. ಕ್ಯಾಷಿಯರ್ ಮೇ ಎರಡನೇ ವಾರ ಬೇಕೆಂದರೆ ಕ್ಲರ್ಕ್‌ಗೂ ಅದೇ ಬೇಕು, ಇಬ್ಬರನ್ನೂ ಮ್ಯಾನೇಜರ್ ಬಿಡುವಂತಿಲ್ಲ. ಒಬ್ಬರು ಬಿಟ್ಟುಕೊಟ್ಟರೆ ಮುಂದಿನ ವರ್ಷ ಅವರಿಗೆ ಮೊದಲ ಅವಕಾಶ ಎಂದು ಪೆನ್ಸಿಲಿನಲ್ಲಿ ಅಂಚಿನಲ್ಲಿ ಬರೆದಿಡುತ್ತಿದ್ದೆ. ಮೇ ವಾರ ಬಿಟ್ಟುಕೊಟ್ಟವರ ಮಾತಿಗೆ ಶಾಖೆಯಲ್ಲಿ ಎಷ್ಟು ತೂಕ ಇತ್ತೆಂಬುದು ಆ ಅಂಚಿನ ಬರಹ ನೋಡಿದವರಿಗೆ ಗೊತ್ತು. ಆಗಸ್ಟ್ ವಾರ ಬಿಟ್ಟುಕೊಡುತ್ತೇನೆ ಎಂದು ಬಂದವರಿಗೆ ಬದಲಿಗೆ ಏನೂ ಸಿಗುತ್ತಿರಲಿಲ್ಲ.

ವಿನಿಮಯ ಕಂಪನಿಗಳ ಲೆಕ್ಕಾಚಾರವೂ ಇದೇ. ನೀವಿಟ್ಟ ವಾರವನ್ನು ಎಷ್ಟು ಜನ ಕೇಳುತ್ತಾರೆ, ಅದೇ ಊರಿನಲ್ಲಿ ಅದೇ ವಾರಕ್ಕೆ ಇನ್ನೆಷ್ಟು ಮನೆಗಳು ಠೇವಣಿಗೆ ಬಂದಿವೆ, ಮನೆಯಲ್ಲಿ ಎಷ್ಟು ಜನ ಮಲಗಬಹುದು, ಹೋಗಿ ಬಂದ ಅತಿಥಿಗಳು ರೆಸಾರ್ಟಿಗೆ ಎಷ್ಟು ಅಂಕ ಕೊಟ್ಟಿದ್ದಾರೆ, ಇವೆಲ್ಲ ಸೇರಿ ಬೆಲೆ ಕಟ್ಟುತ್ತವೆ. ಇದನ್ನು ಆರ್‌ಸಿಐ 2010ರಿಂದ ‘ಟ್ರೇಡಿಂಗ್ ಪವರ್’ ಎಂಬ ಅಂಕಿಯಾಗಿ ಸದಸ್ಯರಿಗೇ ತೋರಿಸುತ್ತಿದೆ. ನಿಮ್ಮ ವಾರದ ಅಂಕ ಹೆಚ್ಚಿದ್ದು ನೀವು ಕಡಿಮೆ ಅಂಕದ ವಾರಕ್ಕೆ ಹೋದರೆ ಉಳಿದದ್ದು ನಿಮ್ಮ ಖಾತೆಯಲ್ಲೇ ಇರುತ್ತದೆ. ಇಂಟರ್‌ವಲ್‌ನಲ್ಲಿ ಪ್ರತಿ ಪ್ರದೇಶಕ್ಕೂ ಐವತ್ತೆರಡು ವಾರಗಳ ಬೇಡಿಕೆ ಸೂಚ್ಯಂಕ ಇದೆ. 100 ಅಂದರೆ ಸರಾಸರಿ, 150ರ ಹತ್ತಿರ ಇದ್ದರೆ ಎಲ್ಲರೂ ಮುಗಿಬೀಳುವ ವಾರ, 50ರ ಹತ್ತಿರ ಇದ್ದರೆ ಕೇಳುವವರಿಲ್ಲ. ಬೇಗ ಠೇವಣಿ ಇಡುವುದಕ್ಕೂ ಬೆಲೆಯಿದೆ. ಆರ್‌ಸಿಐನಲ್ಲಿ ವಾರ ಶುರುವಾಗುವ ಒಂಬತ್ತು ತಿಂಗಳ ಮೊದಲೇ ಇಟ್ಟರೆ ಪೂರ್ತಿ ಬೆಲೆ, ತಡಮಾಡಿದಷ್ಟೂ ಇಳಿಕೆ. ಹಾಗಾಗಿ ನಮ್ಮ ಮೇ ವಾರವನ್ನು ನಾವು ಬಳಸುವುದಿಲ್ಲ ಎಂದು ಹಿಂದಿನ ಜುಲೈನಲ್ಲೇ ತೀರ್ಮಾನಿಸಿ ಇಟ್ಟುಬಿಡುತ್ತೇವೆ. ಮಸ್ಸೂರಿ ನೋಡಿದ್ದು ಹಾಗೆಯೇ.

ಈ ಲೆಕ್ಕದಲ್ಲಿ ನೀವು ಕೊಂಡ ಬೆಲೆ ಎಲ್ಲೂ ಇಲ್ಲ. ಎಂಟು ಲಕ್ಷ ಕೊಟ್ಟು ಹೊಸ ರೆಸಾರ್ಟಿನ ಆಗಸ್ಟ್ ವಾರ ಕೊಂಡವರಿಗಿಂತ, ಬೇರೆಯವರಿಂದ ಸೆಕೆಂಡ್‌ಹ್ಯಾಂಡ್ ಆಗಿ ಮೇ ವಾರ ಕೊಂಡವರಿಗೆ ವಿನಿಮಯದಲ್ಲಿ ಹೆಚ್ಚು ಸಿಗಬಹುದು. ಅಮೆರಿಕದಲ್ಲಿ ವಾರ್ಷಿಕ ಶುಲ್ಕ ಕಟ್ಟಲಾರದವರು ತಮ್ಮ ವಾರವನ್ನು ಒಂದು ಡಾಲರಿಗೂ ಕೊಟ್ಟುಬಿಡುತ್ತಾರೆ. ಆ ಒಂದು ಡಾಲರಿನ ವಾರ ಫ್ಲೋರಿಡಾದ ಕಡಲತೀರದಲ್ಲಿ ಚಳಿಗಾಲದ್ದಾಗಿದ್ದರೆ ವಿನಿಮಯದಲ್ಲಿ ಅದು ಭಾರೀ ವಾರವೇ.

ಹಾಗಾದರೆ ಮೇ ತಿಂಗಳೊಂದನ್ನೇ ಹಿಡಿದುಕೊಳ್ಳಬೇಕೆ? ಇಲ್ಲ. ಬಡ್ತಿ ಮೇಲೆ ನನ್ನನ್ನು ಅಹಮದಾಬಾದಿಗೆ ಹಾಕಿದಾಗ ನಾನು ಕಂಡದ್ದು ಬೇರೆಯದೇ ರಜೆ ರಿಜಿಸ್ಟರ್. ನಮ್ಮಲ್ಲಿ ದೀಪಾವಳಿ ಎಂದರೆ ಊರಿಗೆ ಹೋಗುವುದು, ನೀರು ತುಂಬುವ ಹಬ್ಬ, ಎಣ್ಣೆ ಸ್ನಾನ, ಬಲಿಪಾಡ್ಯಮಿ. ಮನೆ ಬಿಟ್ಟು ರೆಸಾರ್ಟಿಗೆ ಹೋಗುವ ಯೋಚನೆ ನಮ್ಮ ಹಿರಿಯರಿಗೆ ಬರುತ್ತಲೇ ಇರಲಿಲ್ಲ. ಅಲ್ಲಿ ಹಬ್ಬದ ಪೂಜೆ ಮುಗಿದ ಕೂಡಲೇ ಅಂಗಡಿ ಬಾಗಿಲು ಎಳೆದು, ಲಾಭ ಪಂಚಮಿಗೆ ತೆರೆಯುವವರೆಗೆ ಸಂಸಾರ ಸಮೇತ ಪ್ರವಾಸ ಹೊರಡುತ್ತಾರೆ. ಶಾಲೆಗಳಿಗೂ ಸುಮಾರು ಮೂರು ವಾರದ ದೀಪಾವಳಿ ರಜೆ. ಕೌಂಟರಿಗೆ ಬರುತ್ತಿದ್ದ ಬಟ್ಟೆ ವ್ಯಾಪಾರಿಯೊಬ್ಬರು ನಾನು ಮೈಸೂರಿನವಳೆಂದು ಗೊತ್ತಾದ ಮೇಲೆ, ಚೆಕ್ ಕೈಯಲ್ಲಿ ಹಿಡಿದುಕೊಂಡೇ, ದೀಪಾವಳಿಗೆ ಊಟಿಯಲ್ಲಿ ರೂಮು ಎಲ್ಲಿ ಸಿಗುತ್ತದೆಂದು ವಿಚಾರಿಸಿದ್ದರು. ಅದು ಈಶಾನ್ಯ ಮಾರುತದ ಮಳೆ ಬೀಳುವ ಕಾಲ, ಮೆಟ್ಟುಪಾಳ್ಯದಿಂದ ಮೇಲೇರುವ ರೈಲು ಭೂಕುಸಿತದಿಂದ ನಿಲ್ಲುವುದೂ ಉಂಟು ಎಂದು ಹೇಳಿದೆ. ಪರವಾಗಿಲ್ಲ ಬೆಹೆನ್, ರಜೆ ಇರುವುದೇ ಆಗ ಎಂದರು.

ನನಗೆ ಈ ವಿಷಯದಲ್ಲಿ ಯಾವ ಪುಸ್ತಕಕ್ಕಿಂತಲೂ ಹೆಚ್ಚು ಕಲಿಸಿದ ಮಾತು ಅದು. ದೆಹಲಿ ಕಡೆಯ ಶಾಲೆಗಳಿಗೆ ಬೇಸಿಗೆ ರಜೆ ಜೂನ್ ಪೂರ್ತಿ ಇರುತ್ತದೆ, ನಮ್ಮ ಮಕ್ಕಳು ಮೇ ಕೊನೆಗೇ ಶಾಲೆಯಲ್ಲಿರುತ್ತಾರೆ. ಬಂಗಾಳದವರು ದುರ್ಗಾ ಪೂಜೆಯ ರಜೆಯಲ್ಲಿ ದೇಶ ತಿರುಗುತ್ತಾರೆ. ನಮಗೆ ಬೇಡದ ವಾರ ಇನ್ನೊಂದು ರಾಜ್ಯದವರಿಗೆ ಬೇಕಾದ ವಾರ ಆಗಿದ್ದರೆ ಅದಕ್ಕಿಂತ ಒಳ್ಳೆಯ ವಿನಿಮಯದ ಸರಕು ಇಲ್ಲ. ಕರ್ನಾಟಕದ ಕುಟುಂಬವೊಂದು ದೀಪಾವಳಿ ವಾರವನ್ನು ಕೈಯಲ್ಲಿಟ್ಟುಕೊಂಡರೆ, ತಾನು ಹಬ್ಬಕ್ಕೆ ಊರಿನಲ್ಲಿರುತ್ತದೆ, ವಾರ ಮಾತ್ರ ಒಳ್ಳೆಯ ಬೆಲೆಗೆ ಠೇವಣಿಗೆ ಹೋಗುತ್ತದೆ. ಮೇ ವಾರವನ್ನು ಬಿಟ್ಟುಕೊಟ್ಟು ಮೇ ವಾರವನ್ನೇ ಕೇಳುವ ನಮ್ಮಂಥವರಿಗಿಂತ ಆ ಕುಟುಂಬ ಜಾಣ ಎಂದೇ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ ಇದೆ. ಹಬ್ಬ ನಡೆಯುವುದು ಪಂಚಾಂಗದ ಲೆಕ್ಕದಲ್ಲಿ, ಟೈಮ್‌ಶೇರ್ ವಾರ ನಡೆಯುವುದು ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ. 2025ರಲ್ಲಿ ದೀಪಾವಳಿ ಅಕ್ಟೋಬರ್ 20ರ ಆಸುಪಾಸಿನಲ್ಲಿ ಬಂತು. 2026ರಲ್ಲಿ ಅಧಿಕ ಮಾಸ ಬರುವುದರಿಂದ ಹಬ್ಬ ನವೆಂಬರ್ 8ರ ಹೊತ್ತಿಗೆ ಜಾರುತ್ತದೆ. ‘ದೀಪಾವಳಿ ವೀಕ್ ಸಾರ್’ ಎಂದು ನಿಗದಿತ ಸಂಖ್ಯೆಯ ವಾರ ಮಾರಲು ಬಂದರೆ ಒಂಟಿಕೊಪ್ಪಲ್ ಪಂಚಾಂಗವನ್ನೋ ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನೋ ತೆಗೆದು ಹೋಲಿಸಿ ನೋಡಿ. ಹಳೆಯ ವರ್ಷಗಳ ಕ್ಯಾಲೆಂಡರ್ ಸಿಕ್ಕರೆ ಇನ್ನೂ ಒಳ್ಳೆಯದು. ಹಬ್ಬದ ಜೊತೆ ಓಡುವ ಹಾಗೆ ವಾರವೂ ಬದಲಾಗುತ್ತದೆಂದು ಪತ್ರದಲ್ಲಿ ಬರೆದುಕೊಡದಿದ್ದರೆ ಅದು ದೀಪಾವಳಿ ವಾರ ಅಲ್ಲ. ಕ್ರಿಸ್‌ಮಸ್, ಹೊಸ ವರ್ಷದ ವಾರಕ್ಕೆ ಈ ತೊಡಕಿಲ್ಲ, ಅದಕ್ಕೇ ಅದರ ಬೆಲೆ ಅಷ್ಟು.

ಈಗ ಬರುತ್ತಿರುವ ಸದಸ್ಯತ್ವಗಳಲ್ಲಿ ಹೆಚ್ಚಿನವು ನಿಗದಿತ ವಾರದವಲ್ಲ, ಬಣ್ಣದವು. ಕ್ಲಬ್ ಮಹೀಂದ್ರದಲ್ಲಿ ಪರ್ಪಲ್, ರೆಡ್, ವೈಟ್, ಬ್ಲೂ ಎಂದು ಸೀಸನ್ ಮಾಡಿದ್ದಾರೆ. ಮೇಲಿನ ಬಣ್ಣದವರು ಕೆಳಗಿನ ಸೀಸನ್‌ಗೂ ಹೋಗಬಹುದು, ಕೆಳಗಿನವರಿಗೆ ಮೇಲೆ ಹತ್ತುವುದು ಸುಲಭವಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಕಡಿಮೆ ಬೆಲೆಯ ಆಸೆ ತೋರಿಸಿ ಬ್ಲೂ ಸೀಸನ್ ಕೊಡುವುದು ಅನ್ಯಾಯ ಎಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಮಕ್ಕಳಿಗೆ ರಜೆ ಇದ್ದಾಗ ಅದು ಚಲಾವಣೆ ಆಗುವುದಿಲ್ಲ, ಚಲಾವಣೆ ಆಗುವಾಗ ಮಕ್ಕಳಿಗೆ ಪರೀಕ್ಷೆ. ನಿವೃತ್ತರಾದವರ ವಿಷಯ ಬೇರೆ. ಮಳೆಗಾಲದ ಮಡಿಕೇರಿ, ಜನವರಿ ಕೊನೆಯ ಮುನ್ನಾರ್ ನಮಗೆ ಸಾಕು. ಆದರೆ ಅಂಥ ವಾರವನ್ನು ಕೊಟ್ಟು ಮೊಮ್ಮಕ್ಕಳಿಗಾಗಿ ಮೇ ತಿಂಗಳು ತಂದುಕೊಡುತ್ತೇವೆಂದು ಲೆಕ್ಕ ಹಾಕಬಾರದು.

ಇನ್ನು ಊರು. ಊರಿನಲ್ಲಿ ನಾನು ನೋಡುವುದು, ಅಲ್ಲಿಗೆ ಜನ ವಾರಪೂರ್ತಿ ಇರಲು ಬರುತ್ತಾರೋ, ಎರಡು ರಾತ್ರಿಗೆ ಬರುತ್ತಾರೋ ಎಂದು. ಕೊಡಗನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಶುಕ್ರವಾರ ಸಂಜೆ ಹೊರಟವರು ಊಟದ ಹೊತ್ತಿಗೆ ಕುಶಾಲನಗರ ದಾಟುತ್ತಾರೆ. ಭಾನುವಾರ ಮಧ್ಯಾಹ್ನ ಮಡಿಕೇರಿಯ ರಾಜಾಸೀಟ್ ಖಾಲಿ. ಇಂಥ ಗಿರಾಕಿಗೆ ಏಳು ದಿನದ ವಾರ ಯಾಕೆ ಬೇಕು? ಆತ ವಿನಿಮಯಕ್ಕೆ ಬರುವವನೇ ಅಲ್ಲ. ಜೊತೆಗೆ ಕೊಡಗಿನಲ್ಲಿ ಕಾಫಿ ತೋಟಕ್ಕೊಂದರಂತೆ ಹೋಂಸ್ಟೇ. ಪಂದಿಕರಿ, ಕಡುಂಬಿಟ್ಟು ಮಾಡಿಕೊಟ್ಟು ಮನೆಯವರಂತೆ ನೋಡಿಕೊಳ್ಳುವ ಜಾಗ ಕೈಗೆಟಕುವ ಬಾಡಿಗೆಗೆ ಸಿಗುವಾಗ ರೆಸಾರ್ಟಿನ ವಾರಕ್ಕೆ ಯಾರು ಹಂಬಲಿಸುತ್ತಾರೆ? ಕೊಡಗನ್ನು ನಾನು ಬಹಳ ಪ್ರೀತಿಸುತ್ತೇನೆ. ಆದರೂ ಬೆಂಗಳೂರಿನವರು ವಿನಿಮಯಕ್ಕೆಂದೇ ಅಲ್ಲಿ ವಾರ ಕೊಳ್ಳುವುದಾದರೆ ಡಿಸೆಂಬರ್ ಕೊನೆಯದೋ ಬೇಸಿಗೆ ರಜೆಯದೋ ಆಗಿದ್ದರೆ ಮಾತ್ರ ಕೊಳ್ಳಲಿ.

ಗೋವಾಕ್ಕೆ ದೂರದಿಂದ, ವಾರಕ್ಕೆಂದೇ ಬರುವವರಿದ್ದಾರೆ. ಆದರೆ ಅಲ್ಲಿ ಕೊಠಡಿಗಳು ಲೆಕ್ಕಕ್ಕೆ ಸಿಗದಷ್ಟು. ಅಮೆರಿಕದ ಒರ್ಲ್ಯಾಂಡೊ ಕಥೆಯೂ ಅದೇ. ಡಿಸ್ನಿ ವರ್ಲ್ಡ್‌ನಿಂದಾಗಿ ವರ್ಷವಿಡೀ ಜನ ಇದ್ದರೂ ಟೈಮ್‌ಶೇರ್ ಕಟ್ಟಡಗಳು ಎಷ್ಟೊಂದು ಎದ್ದಿವೆಯೆಂದರೆ, ಶಾಲೆ ಶುರುವಾದ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಒಂದು ವಾರಕ್ಕೆ ಹೆಚ್ಚಿನ ಬೆಲೆ ಹುಟ್ಟುವುದಿಲ್ಲ. ನಾರ್ತ್ ಕೆರೊಲೈನಾದಲ್ಲಿರುವ ನನ್ನ ತಂಗಿ ಮಗಳು ಒರ್ಲ್ಯಾಂಡೊ ಬಿಟ್ಟು ಸಮುದ್ರ ದಂಡೆಯ ಒಂದು ಚಿಕ್ಕ ಊರಿನ ಜುಲೈ ವಾರ ಹುಡುಕಿ ಕೊಂಡಳು. ಹೊಸದಾಗಿ ಕಟ್ಟಲು ಜಾಗವಿಲ್ಲದ ದಂಡೆ, ಶಾಲೆಗೆ ರಜೆ ಇರುವ ವಾರ, ಎರಡು ಬೆಡ್‌ರೂಮ್. ಈ ಮೂರೂ ಒಟ್ಟಿಗೆ ಸಿಕ್ಕಿದ್ದರಿಂದ ಅವಳಿಗೆ ಬೇಕಾದಲ್ಲೆಲ್ಲ ವಿನಿಮಯ ಸಿಗುತ್ತಿದೆ. ಊಟಿ ನನ್ನ ಕಣ್ಣಿಗೆ ಬಿದ್ದದ್ದೂ ಹೀಗೆಯೇ: ಬೆಟ್ಟದ ಮೇಲೆ ಕಟ್ಟಡಕ್ಕೆ ಪರವಾನಗಿ ಬಿಗಿ, ಮೇ ತಿಂಗಳಲ್ಲಿ ಫಲಪುಷ್ಪ ಪ್ರದರ್ಶನ, ಮೈಸೂರಿನಿಂದ ಸುಮಾರು 125 ಕಿಲೋಮೀಟರ್. ವಿನಿಮಯಕ್ಕೆ ಇಡದ ವರ್ಷ ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೊರಟರೆ ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ ದಾಟಿ ಮಧ್ಯಾಹ್ನಕ್ಕೆ ನಮ್ಮದೇ ಮನೆಯಲ್ಲಿ ಅನ್ನಕ್ಕಿಡಬಹುದು.

ಆದರೆ ಬೆಟ್ಟದ ಊರುಗಳ ದಾರಿ ಸದಸ್ಯತ್ವದ ಇಪ್ಪತ್ತೈದು ವರ್ಷವೂ ಹೀಗೇ ಇರುತ್ತದೆ ಎನ್ನುವಂತಿಲ್ಲ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಇ-ಪಾಸ್ ಬೇಕಾಯಿತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನ ಎಂದು ಮಿತಿ ಬಂತು. ಬೆಟ್ಟದ ದೃಷ್ಟಿಯಿಂದ ಇದು ಸರಿಯಾದ ಕ್ರಮ ಎಂದೇ ನಾನು ನಂಬುತ್ತೇನೆ. ಆದರೂ ಪುಣೆಯಿಂದ ಬರುವ ಕುಟುಂಬ ಊಟಿಯ ವಾರ ಕೇಳುವ ಮೊದಲು ಎರಡು ಸಲ ಯೋಚಿಸುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜಾರಿದಾಗ, 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಕೊಚ್ಚಿಹೋದಾಗ ಸತ್ತವರ ಮುಂದೆ ರಜೆಯ ಮಾತು ಎತ್ತುವುದೇ ಸಣ್ಣತನ. ಆದರೂ ಕೊಳ್ಳುವವರು ತಿಳಿದಿರಬೇಕು: ಮಲೆನಾಡಿನ, ಪಶ್ಚಿಮ ಘಟ್ಟದ ಮಳೆಗಾಲದ ವಾರಕ್ಕೆ ಕೇಳುವವರು ಇನ್ನೂ ಕಡಿಮೆಯಾಗುತ್ತಾರೆ. ನನಗೆ ಹೊಳೆಯುವ ಒಂದೇ ಅಪವಾದ ಮುನ್ನಾರಿನದು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2018ರಲ್ಲಿ ಅರಳಿತ್ತು, ಮುಂದಿನ ಸಲ 2030ರಲ್ಲಿ. ಆ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ವಾರ ಕೈಯಲ್ಲಿರುವವರು ಅದನ್ನು ಠೇವಣಿ ಇಡದೆ ತಾವೇ ಹೋಗಿ ನೋಡಲಿ.

ಹಿಂದಿನ ವರ್ಷ ನನ್ನ ತಂಗಿಯ ಮಗ ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ಮಾರಾಟದ ಸಭೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಕಾಫಿ, ಸಮೋಸ, ದೊಡ್ಡ ಟಿವಿಯಲ್ಲಿ ಸ್ವಿಟ್ಜರ್ಲೆಂಡ್. ‘ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ಎಕ್ಸ್‌ಚೇಂಜ್ ಮೇಡಂ’ ಎಂದು ಮಾರಾಟದ ಹುಡುಗ ಹೇಳಿದ. ಪಾಪ, ಬಿಸಿಲಲ್ಲಿ ಟೈ ಕಟ್ಟಿಕೊಂಡು ನಿಂತ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ‘ಸರಿ ಮಗ, ಬರುವ ಮೇ ಮೂರನೇ ವಾರ, ನಾಲ್ಕು ಜನಕ್ಕೆ, ನೀವು ಮಾರುತ್ತಿರುವ ಇದೇ ಸೀಸನ್‌ನ ಸದಸ್ಯರಿಗೆ ಎಲ್ಲೆಲ್ಲಿ ರೂಮು ಖಾಲಿ ಇದೆ, ಬುಕಿಂಗ್ ಪುಟ ತೆಗೆದು ತೋರಿಸು’ ಎಂದೆ. ಅದು ಸದಸ್ಯರಾದ ಮೇಲೆ ಮಾತ್ರ ತೆರೆಯುತ್ತದೆ ಎಂದ. ಮ್ಯಾನೇಜರ್ ಬಂದರು, ಇನ್ನೊಬ್ಬ ಮ್ಯಾನೇಜರ್ ಬಂದರು, ಇವತ್ತೇ ಸಹಿ ಹಾಕಿದರೆ ರಿಯಾಯಿತಿ ಎಂದರು. ಪುಟ ಮಾತ್ರ ತೆರೆಯಲಿಲ್ಲ. ಲಕ್ಷಗಟ್ಟಲೆ ಕೊಟ್ಟ ಮೇಲೆ ಮಾತ್ರ ತೋರಿಸುವ ಸರಕನ್ನು ನಾವು ಯಾಕೆ ಕೊಳ್ಳಬೇಕು? ನಮ್ಮ ಹುಡುಗ ಆಮೇಲೆ ತನ್ನ ಆಫೀಸಿನಲ್ಲಿ ಅದೇ ಸದಸ್ಯತ್ವ ಇದ್ದವರೊಬ್ಬರ ಪಕ್ಕ ಕೂತು, ಅವರ ಲಾಗಿನ್‌ನಲ್ಲೇ ಅಕ್ಟೋಬರ್, ಡಿಸೆಂಬರ್, ಮೇ ಮೂರನ್ನೂ ಹುಡುಕಿಸಿ ನೋಡಿದ. ಕೊಳ್ಳುವ ಮುಂಚೆ ಎಲ್ಲರೂ ಮಾಡಲೇಬೇಕಾದ ಕೆಲಸ ಇದು.

ವಾರ್ಷಿಕ ಶುಲ್ಕದ ಲೆಕ್ಕವನ್ನೂ ಅಲ್ಲೇ ಹಾಕಿಕೊಳ್ಳಿ. ಇವತ್ತು 20,000 ರೂಪಾಯಿ ಇದ್ದು ವರ್ಷಕ್ಕೆ ಶೇ 7ರಂತೆ ಏರಿದರೆ ಹತ್ತು ವರ್ಷಕ್ಕೆ ದುಪ್ಪಟ್ಟಿನ ಹತ್ತಿರ, ಇಪ್ಪತ್ತು ವರ್ಷಕ್ಕೆ 77,000 ದಾಟುತ್ತದೆ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ವಿನಿಮಯಕ್ಕೆ ಪ್ರತಿ ಸಲ ಬೇರೆ ಶುಲ್ಕ. ಇಷ್ಟೆಲ್ಲ ಸೇರಿಸಿದ ಮೇಲೂ ಹೋಟೆಲ್ ಬಾಡಿಗೆಗಿಂತ ಕಡಿಮೆ ಆಗುವುದು ಒಳ್ಳೆಯ ವಾರ ಇದ್ದವರಿಗೆ ಮಾತ್ರ.

ಸರ್ಕಾರದ ಮುಂದೆ ನನ್ನದೊಂದು ಬೇಡಿಕೆ ಇದೆ. ಯುರೋಪಿನಲ್ಲಿ ಟೈಮ್‌ಶೇರ್‌ಗೆ ಸಹಿ ಹಾಕಿದವರು 14 ದಿನದೊಳಗೆ ಕಾರಣ ಕೊಡದೆ ರದ್ದು ಮಾಡಬಹುದು ಎಂಬ ಕಾನೂನು ಇದೆ. ಫ್ಲೋರಿಡಾದಲ್ಲಿ ಅದು 10 ದಿನ. ನಮ್ಮ ದೇಶದಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾನೂನು ಇಲ್ಲ, ಕಂಪನಿ ಪತ್ರದಲ್ಲಿ ಬರೆದುಕೊಟ್ಟಷ್ಟೇ ದಿನ. ಮೋಸವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಆ ಅನುಕೂಲ ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ದೂರು ಎಂದರೆ ವರ್ಷಗಳ ಓಡಾಟ. ಅದಕ್ಕಿಂತ ಮುಂಚೆಯೇ ಆಗಬೇಕಾದದ್ದು ಇದು: ಪ್ರತಿ ರೆಸಾರ್ಟ್ ಕಂಪನಿ, ಪ್ರತಿ ಸೀಸನ್‌ನಲ್ಲಿ ತನ್ನ ಬಳಿ ಎಷ್ಟು ಕೊಠಡಿ ಇವೆ, ಆ ಸೀಸನ್‌ನ ಹಕ್ಕು ಇರುವ ಸದಸ್ಯರು ಎಷ್ಟು ಮಂದಿ ಎಂಬ ಎರಡು ಅಂಕಿಗಳನ್ನು ಒಪ್ಪಂದದ ಮೊದಲ ಪುಟದಲ್ಲಿ, ಕನ್ನಡದಲ್ಲಿ, ಪ್ರತಿವರ್ಷ ತಿದ್ದಿ ಅಚ್ಚು ಮಾಡಬೇಕು. ಬ್ಯಾಂಕಿನ ಠೇವಣಿ ರಸೀದಿಯಲ್ಲಿ ಬಡ್ಡಿ ದರ ಮುದ್ರಿಸಿರುವುದನ್ನು ನೋಡಿಯೇ ಜನ ಹಣ ಕೊಡುತ್ತಾರೆ. ಲಕ್ಷಗಳ ಈ ಠೇವಣಿಗೂ ಅದೇ ನಿಯಮ ತರುವಂತೆ ರಾಜ್ಯದ ಗ್ರಾಹಕ ವ್ಯವಹಾರಗಳ ಇಲಾಖೆ ಕೇಂದ್ರಕ್ಕೆ ಬರೆಯಲಿ.